ಜೈಲಿನಿಂದ ಬಂದವರಿಗೆ ತೋಟದಲ್ಲಿ ಕೆಲಸ ಕೊಡಬಹುದೇ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಕಡೆ ಸಣ್ಣ ಕಾಫಿ ತೋಟ. ಕೊಯ್ಲಿಗೆ ಆಳು ಸಿಗದ ಈ ಹೊತ್ತಿನಲ್ಲಿ, ಎರಡು ವರ್ಷ ಜೈಲಿನಲ್ಲಿದ್ದು ಬಂದ ಒಬ್ಬರು ಕೆಲಸ ಕೇಳಿದ್ದಾರೆ. ಲೈನ್‌ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು) ‘ಅವನು ಬಂದರೆ ನಾವಿರುವುದಿಲ್ಲ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೆಲಸ ಕೊಡಿ ಎಂಬುದೇ ನನ್ನ ಅಭಿಪ್ರಾಯ. ಜೈಲಿನಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಕೂಲಿ ಕೆಲಸ ಕೊಡಬಾರದೆಂದು ಕಾನೂನು ಹೇಳುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಒಂದು ಸಂಗತಿಯೇ ಇಲ್ಲ: ನ್ಯಾಯಾಲಯ ಅವರನ್ನು ಅಪರಾಧಿ ಎಂದಿತೇ?

ಇದನ್ನು ನೀವು ಕೇಳಿರಲಿಕ್ಕಿಲ್ಲ. ಹೆಚ್ಚಿನವರು ಕೇಳುವುದಿಲ್ಲ. ‘ಜೈಲಿಗೆ ಹೋಗಿ ಬಂದವನು’ ಎಂಬ ಮಾತೇ ನಮ್ಮಲ್ಲಿ ತೀರ್ಪಾಗಿಬಿಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ, ಅಂದರೆ ನೂರಕ್ಕೆ 75ಕ್ಕೂ ಹೆಚ್ಚು ಜನ, ವಿಚಾರಣಾಧೀನ ಕೈದಿಗಳು, ಎಂದರೆ ಇನ್ನೂ ತೀರ್ಪು ಬರದವರು. ಜಾಮೀನು ಮಂಜೂರಾದರೂ, ಪಹಣಿ ಹಿಡಿದು ನ್ಯಾಯಾಲಯಕ್ಕೆ ಬಂದು ಜಾಮೀನುದಾರರಾಗಿ ನಿಲ್ಲುವವರು ಸಿಗದೆ ಒಳಗೇ ಉಳಿಯುವವರು ಎಷ್ಟೋ ಮಂದಿ. ತೋಟದ ಮಾಲೀಕನ ಮಗನಿಗೆ ಅಂಥ ಬಂಧು ಸಂಜೆಯೊಳಗೆ ಸಿಗುತ್ತಾನೆ. ಸ್ವಂತ ಸೆಂಟು ಜಾಗವೂ ಇಲ್ಲದ ಲೈನ್‌ಮನೆಯ ಆದಿವಾಸಿ ಎರವರಿಗೋ ಜೇನುಕುರುಬರಿಗೋ ಯಾರು ಸಿಗುತ್ತಾರೆ? ಆದ್ದರಿಂದ ಎರಡು ವರ್ಷದ ಸೆರೆವಾಸವು ತಪ್ಪಿನ ಅಳತೆಯಾಗಿರದೆ ಬಡತನದ ಅಳತೆಯಾಗಿರಬಹುದು.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರೇ. ಆ ಸೆರೆವಾಸವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿಗೆ ಏಕೆ ಹೋದರೆಂದು ನಮಗೆ ಗೊತ್ತು. ಕೂಲಿಯವರ ವಿಷಯದಲ್ಲಿ ಆ ‘ಏಕೆ’ಯನ್ನು ಕೇಳುವ ವ್ಯವಧಾನವೇ ನಮಗಿರುವುದಿಲ್ಲ.

ಈ ಪೂರ್ವಗ್ರಹ ನಮ್ಮೂರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಸಮಾಜಶಾಸ್ತ್ರಜ್ಞೆ ಡೇವಾ ಪೇಜರ್ ಒಂದೇ ಬಗೆಯ ಓದು, ಅನುಭವ ತೋರಿಸಿದ ತರುಣರನ್ನು ಕೆಲಸ ಕೇಳಲು ಕಳುಹಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರಲ್ಲಿ ಜೈಲಿನ ದಾಖಲೆ ಇಲ್ಲದವರಿಗೆ ನೂರಕ್ಕೆ 34 ಕಡೆಯಿಂದ ಕರೆ ಬಂದರೆ, ಇದೆ ಎಂದವರಿಗೆ ಬಂದದ್ದು 17 ಕಡೆಯಿಂದ. ಕಪ್ಪು ಜನರಲ್ಲಿ ಅದು 14 ಮತ್ತು 5. ಮೊದಲೇ ಕೀಳಾಗಿ ಕಾಣಲಾಗುವವರ ಮೇಲೆ ಜೈಲಿನ ಹೆಸರೂ ಬಿದ್ದರೆ ಬಾಗಿಲುಗಳು ಹೇಗೆ ಮುಚ್ಚಿಕೊಳ್ಳುತ್ತವೆಂದು ಈ ಅಂಕಿಗಳು ಹೇಳುತ್ತವೆ.

ನನ್ನ ಚಿಕ್ಕಪ್ಪನ ತೋಟದಲ್ಲಿ ಹೀಗೆ ಜೈಲಿನಿಂದ ಬಂದ ಒಬ್ಬರಿದ್ದರು. ಸಂಜೆ ತೂಕ ಮುಗಿದ ಮೇಲೆ ಉಳಿದವರೆಲ್ಲ ಕಣದಿಂದ ನೇರವಾಗಿ ಲೈನಿಗೆ ಹೋದರೆ, ಅವರು ಮಾತ್ರ, ಯಾರೂ ಕೇಳದಿದ್ದರೂ, ಲೆಕ್ಕ ಬರೆಯುವ ರೈಟರ ಮುಂದೆ ನಿಂತು ಹೆಗಲ ಟವೆಲನ್ನು ಕೊಡವಿ, ಅಂಗಿಯ ಜೇಬು ಮಗುಚಿ ತೋರಿಸಿ ಹೋಗುತ್ತಿದ್ದರು. ಒಮ್ಮೆ ಕರಿಮೆಣಸಿನ ಒಂದು ಚೀಲ ಲೆಕ್ಕಕ್ಕೆ ಸಿಗದಾಗ ಮೊದಲು ಹುಡುಕಿದ್ದು ಅವರ ಕೋಣೆಯನ್ನು. ಚೀಲ ಸಿಕ್ಕಿದ್ದು ಗೋದಾಮಿನ ಗೊಬ್ಬರದ ಮೂಟೆಗಳ ಹಿಂದೆ. ಹುಡುಕಲು ಹೋದವರಲ್ಲಿ ನಾನೂ ಇದ್ದೆ. ಅವರ ಹಾಸಿಗೆಯನ್ನು ನಾವು ಮತ್ತೆ ಮಡಚಿಡಲೂ ಇಲ್ಲ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಹಾಗೆಂದು ಲೈನ್‌ಮನೆಯವರ ಭಯವನ್ನು ತಳ್ಳಿಹಾಕಬೇಡಿ. ಪ್ರಕರಣ ಯಾವುದು, ಮುಗಿಯಿತೇ, ವಾಯಿದೆಗೆ ಇನ್ನೂ ನ್ಯಾಯಾಲಯಕ್ಕೆ ಹೋಗಬೇಕೇ ಎಂದು ಕೆಲಸ ಕೇಳಿ ಬಂದವರನ್ನೇ ಕೇಳಿ. ತೀರ್ಪಾಗಿದ್ದರೆ ಅದರ ಪ್ರತಿಯನ್ನು ನೋಡಿ. ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಶಿಕ್ಷೆಯಾಗಿದ್ದರೆ ಮಕ್ಕಳಿರುವ ಲೈನಿನಲ್ಲಿ ಇರಿಸುವುದು ಸರಿಯಲ್ಲ. ಅದು ಪೂರ್ವಗ್ರಹವಲ್ಲ, ಎಚ್ಚರ. ಹತ್ತು ವರ್ಷದ ಹಿಂದಿನ ಹೊಡೆದಾಟಕ್ಕೆ ಆ ಎಚ್ಚರ ಅನ್ವಯಿಸದು. ಗೊತ್ತಾದದ್ದರಲ್ಲಿ ಲೈನಿನವರಿಗೆ ಎಷ್ಟನ್ನು ಹೇಳಬೇಕೆಂಬುದನ್ನು ಆ ವ್ಯಕ್ತಿಯೊಂದಿಗೇ ಕುಳಿತು ನಿರ್ಧರಿಸಿ.

ಜೈಲಿನಿಂದ ಬಂದವರೆಂದು ಕೂಲಿಯಲ್ಲಿ ಹತ್ತು ರೂಪಾಯಿಯನ್ನೂ ಕಡಿಮೆ ಮಾಡಬೇಡಿ. ಉಳಿದವರಿಗೆ ಬಟವಾಡೆಯಾಗುವ ದಿನವೇ, ಅದೇ ಸಾಲಿನಲ್ಲಿ ಅವರಿಗೂ ಕೊಡಿ. ತೂಕದ ಬಳಿಕ ಜೇಬು ತೋರಿಸಲು ಬಂದರೆ, ಬೇಡವೆಂದು ಹೇಳಿ ಮನೆಗೆ ಕಳುಹಿಸಿ.