ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ

ಗಂಗಾವತಿ ಕಡೆ ಕಾಲುವೆ ಏರಿ ಮೇಲೆ ಎಕ್ಸೆಲ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ರಾತ್ರಿ ಮಳೆ ಬಂದಿದೆ. ಏರಿ ತುಂಬ ಗರಿಕೆ. ಎದುರಿಗೆ ಎಮ್ಮೆ ಬಂತು ಅಂತ ಗಟ್ಟಿಯಾಗಿ ಬ್ರೇಕ್ ಹಿಡಿದಿರಿ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ನಾನೂ ಒಮ್ಮೆ ಹೀಗೇ ಜಾರಿ, ಗಾಡಿ ಸಮೇತ ಗದ್ದೆಗೆ ಇಳಿದಿದ್ದೇನೆ. ಕೆಸರು ಒರೆಸಿಕೊಂಡು ಏರಿ ಹತ್ತಿ ನೋಡಿದರೆ ಗರಿಕೆ ಮೇಲೆ ಕಡು ಹಸಿರಿನ ಒಂದು ಉದ್ದ ಗೆರೆ. ಬೆರಳಿಂದ ಸವರಿದೆ. ಸೋಪಿನ ನೀರು ಸವರಿದ ಹಾಗೆ ನುಣ್ಣಗಿತ್ತು.

ಸಣ್ಣ ವಿಮಾನಗಳು ಹುಲ್ಲಿನ ರನ್‌ವೇ ದಾಟಿ ಬೇಲಿಗೆ ನುಗ್ಗುವುದರ ಬಗ್ಗೆ ಓದುವಾಗಲೆಲ್ಲ ಆ ಗೆರೆ ನೆನಪಾಗುತ್ತದೆ. ನಮ್ಮ ಕಡೆ ವಿಮಾನ ಅಂದರೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ. ಅಲ್ಲಿನ ರನ್‌ವೇ ರಸ್ತೆಯ ಹಾಗೆ ಗಟ್ಟಿ. ಆದರೆ ಬ್ರಿಟನ್‌ನಂಥ ದೇಶಗಳಲ್ಲಿ ಇಬ್ಬರೋ ನಾಲ್ವರೋ ಕೂರುವ ವಿಮಾನಗಳು ಇಂದಿಗೂ ಹುಲ್ಲಿನ ಪಟ್ಟಿ ಮೇಲೆ ಇಳಿಯುತ್ತವೆ. ಇಳಿದ ವಿಮಾನ ಪಟ್ಟಿ ಮುಗಿದರೂ ನಿಲ್ಲದೆ ಹೋದರೆ ಅದು ಓವರ್‌ರನ್.

ಬ್ರೇಕ್ ಹಿಡಿಯುವುದು ಚಕ್ರವನ್ನು. ವಿಮಾನವನ್ನು ಹಿಡಿಯಬೇಕಾದ್ದು ನೆಲ. ಒಣ ಡಾಂಬರಿನ ಮೇಲೆ ಟೈರಿನ ರಬ್ಬರು ಜಲ್ಲಿಯ ಸಣ್ಣ ಸಣ್ಣ ಮೊನೆಗಳನ್ನು ಕಚ್ಚಿಕೊಳ್ಳುತ್ತದೆ. ಹುಲ್ಲಿನಲ್ಲಿ ಕಚ್ಚಲು ಸಿಗುವುದು ಬರೀ ಎಸಳು. ಅದು ಜಜ್ಜಿ ರಸ ಬಿಡುತ್ತದೆ, ಆ ರಸಕ್ಕೆ ಮಳೆನೀರು ಸೇರುತ್ತದೆ. ಚಕ್ರ ಒಮ್ಮೆ ಲಾಕ್ ಆಯಿತೋ, ಆ ಲೋಳೆ ಮೇಲೆ ಸೀದಾ ಜಾರುವುದೇ. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳಲು ಕಾರಿನಲ್ಲಿರುವ ಎಬಿಎಸ್ ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಆಗತಾನೇ ನೆಲ ಮುಟ್ಟಿದ ವಿಮಾನ ಇನ್ನೂ ಅರ್ಧ ಹಕ್ಕಿಯೇ. ವೇಗ ಇರುವವರೆಗೂ ರೆಕ್ಕೆಗಳು ಭಾರದ ಒಂದು ಪಾಲನ್ನು ಎತ್ತಿ ಹಿಡಿದಿರುತ್ತವೆ. ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ವಿಮಾನ ತುಂಬಿದಾಗ ಸುಮಾರು 1,100 ಕಿಲೋ ತೂಗುತ್ತದೆ. ಆದರೆ ಮೊದಲ ಕ್ಷಣಗಳಲ್ಲಿ ಚಕ್ರದ ಮೇಲೆ ಬೀಳುವ ಭಾರ ಅದಕ್ಕಿಂತ ಎಷ್ಟೋ ಕಮ್ಮಿ. ಭಾರ ಇಲ್ಲದಿದ್ದರೆ ಹಿಡಿತವೂ ಇಲ್ಲ. ಕುಂಟೆ ಮಣ್ಣು ಕಚ್ಚಲಿ ಅಂತ ಮೇಲೆ ಕಲ್ಲು ಹೇರುವುದಿಲ್ವಾ, ಹಾಗೆ. ಇಳಿದ ಕೂಡಲೇ ಕೆಲವು ಪೈಲಟ್‌ಗಳು ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿಯ ಹಲಗೆ, ಮಡಿಸುವುದು ಇದಕ್ಕೇ: ರೆಕ್ಕೆ ಎತ್ತುವುದನ್ನು ಬಿಡಲಿ, ಭಾರ ಚಕ್ರಕ್ಕೆ ಬರಲಿ ಅಂತ.

ಬ್ರಿಟನ್‌ನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನದ ಪೈಲಟ್‌ಗಳಿಗಾಗಿ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಒಣ ಗಟ್ಟಿ ರನ್‌ವೇಗೆ ಹೋಲಿಸಿದರೆ ಇಳಿದು ನಿಲ್ಲಲು ಒಣ ಹುಲ್ಲಿನಲ್ಲಿ ಶೇ 15ರಷ್ಟು ಜಾಸ್ತಿ ಜಾಗ ಬೇಕು. ಒದ್ದೆ ಹುಲ್ಲಿನಲ್ಲಿ ಶೇ 35. ಹುಲ್ಲು ಒದ್ದೆಯಾಗಿದ್ದು ತೀರ ಗಿಡ್ಡವೂ ಆಗಿದ್ದರೆ ಶೇ 60ರವರೆಗೂ ಹೋಗಬಹುದು. ನೀಟಾಗಿ ಕತ್ತರಿಸಿದ ಹುಲ್ಲೇ ಹೆಚ್ಚು ಮೋಸ! ಉದ್ದ ಹುಲ್ಲಾದರೂ ಚಕ್ರಕ್ಕೆ ಅಡ್ಡ ಬಂದು ಒಂದಿಷ್ಟು ತಡೆಯುತ್ತದೆ. ಗಿಡ್ಡ ಹುಲ್ಲು ತಡೆಯುವುದೂ ಇಲ್ಲ, ಹಿಡಿತ ಕೊಡುವುದೂ ಇಲ್ಲ.

ಹುಲ್ಲು, ಗಾಳಿ, ಇಳಿಜಾರು ಒಟ್ಟಿಗೆ ಬಂದರೆ ಅವುಗಳ ಲೆಕ್ಕ ಕೂಡಿಸುವ ಹಾಗಿಲ್ಲ, ಗುಣಿಸಬೇಕು. ಒಣ ಗಟ್ಟಿ ನೆಲದಲ್ಲಿ 400 ಮೀಟರ್ ಸಾಕಾಗುವ ವಿಮಾನಕ್ಕೆ ಗಿಡ್ಡ ಒದ್ದೆ ಹುಲ್ಲಿನಲ್ಲಿ 640 ಬೇಕು. ಇಳಿಯುವ ವೇಗದ ಹತ್ತನೇ ಒಂದು ಪಾಲಿನಷ್ಟು ಗಾಳಿ ಹಿಂದಿನಿಂದ ಬೀಸಿದರೆ ಮತ್ತೆ ಶೇ 20 ಸೇರುತ್ತದೆ. ಸೆಸ್ನಾಗೆ ಅದು ಗಂಟೆಗೆ 9 ಕಿಲೋಮೀಟರ್, ಸುಮ್ನೆ ಮುಖಕ್ಕೆ ತಗಲುವ ಗಾಳಿ. ಅಲ್ಲಿಗೆ 768 ಮೀಟರ್. ಪಟ್ಟಿ ಮುಂದಕ್ಕೆ ಶೇ 2ರಷ್ಟು ಇಳಿಜಾರಾಗಿದ್ದರೆ ಇನ್ನೂ ಶೇ 10, ಅಂದರೆ 845. ಯಾವುದೂ ಒಂದೊಂದಾಗಿ ಭಯ ಹುಟ್ಟಿಸುವಂಥದ್ದಲ್ಲ, ಅಲ್ವಾ?

ನಮ್ಮೂರ ಸೆಕೆಗೂ ಇದರಲ್ಲಿ ಪಾಲಿದೆ. ಬಳ್ಳಾರಿ ಸಮುದ್ರ ಮಟ್ಟದಿಂದ 480 ಮೀಟರಿಗೂ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಲ್ಲಿ ಇಲ್ಲಿನ ಗಾಳಿ ತೆಳುವಾಗುತ್ತದೆ. ಗಾಳಿ ನಿಂತಿದ್ದರೂ ಪೈಲಟ್‌ನ ಮೀಟರು 90 ತೋರಿಸುವಾಗ ನೆಲದ ಮೇಲಿನ ನಿಜವಾದ ವೇಗ 96ರ ಹತ್ತಿರ. ಆರೇ ಕಿಲೋಮೀಟರ್ ಅನ್ನಬೇಡಿ. ಚಲನೆಯ ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು ಶೇ 14 ಜಾಸ್ತಿಯಾಗುತ್ತದೆ.

ಸಿಂಧನೂರಿನ ಎರೆ ಹೊಲದಲ್ಲಿ ಹುಲ್ಲು ಬೆಳೆಸಿ ರನ್‌ವೇ ಮಾಡಿದರೆ ಹೇಗಿರುತ್ತದೆ ಅಂತ ನಾನು ಆಗಾಗ ಯೋಚಿಸುತ್ತೇನೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಮಳೆನೀರು ಬೇಗ ಇಂಗಿ ಹೋಗುತ್ತದೆ. ಎರೆಯ ಜೇಡಿಕಣಗಳು ಪದರು ಪದರಾಗಿರುತ್ತವೆ. ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಮೊದಲ ಮಳೆಗೆ ಮೇಲ್ಮೈ ಮಾತ್ರ ಬೆಣ್ಣೆಯಂತಾಗುತ್ತದೆ, ಚಕ್ರ ಜಾರುತ್ತದೆ. ಮಳೆ ಹಿಡಿದುಕೊಂಡರೆ ಅದೇ ನೆಲ ಚಕ್ರವನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಆಗ ಮೂತಿ ಹೂತು ವಿಮಾನ ಮಗುಚುವ ಅಪಾಯ.

ನಿಲ್ಲುವುದಿಲ್ಲ ಅನ್ನಿಸಿದರೆ ಪೈಲಟ್‌ಗೆ ಇನ್ನೊಂದು ದಾರಿ ಇದೆ: ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು. ಆದರೆ ಅದು ಚಕ್ರ ಮುಟ್ಟುವ ಮೊದಲೇ ಆದರೆ ಚೆನ್ನ. ಅರ್ಧ ಪಟ್ಟಿ ಜಾರಿದ ಮೇಲೆ ಏರಲು ಹೋದರೆ ಅದೇ ಬೇಲಿಯನ್ನು ಇನ್ನೂ ಜೋರಾಗಿ ಹೊಡೆಯಬಹುದು.

ಹೊಸ ಹುಲ್ಲುಪಟ್ಟಿಗೆ ಹೋಗುವ ಮುಂಚೆ ಅದನ್ನು ಕಾಲಲ್ಲಿ ನಡೆದು, ಹಿಮ್ಮಡಿ ಊರಿ ನೋಡುವ ಪೈಲಟ್‌ಗಳಿದ್ದಾರೆ. ನಮ್ಮಲ್ಲಿ ಹಿಡಿ ಎರೆ ಮಣ್ಣನ್ನು ಅಂಗೈಯಲ್ಲಿ ಅಮುಕಿ, ಉಂಡೆ ಕಟ್ಟುತ್ತದೋ ಪುಡಿಯಾಗುತ್ತದೋ ನೋಡಿ ಬಿತ್ತನೆಗೆ ಹದ ಹೇಳುವ ಹಿರಿಯರಿದ್ದಾರೆ. ಸಿಂಧನೂರಿಗೆ ಹುಲ್ಲಿನ ರನ್‌ವೇ ಬಂದರೆ ಕಂಟ್ರೋಲ್ ಟವರ್‌ನಲ್ಲಿ ಅವರಿಗೂ ಒಂದು ಕುರ್ಚಿ ಹಾಕಬೇಕು.