ನದಿಯಿಂದ ನದಿಗೆ ಓಡಾಡುವ ಶಾಲೆಯಲ್ಲಿ ಪಾಠ ಆಗುತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳು ಊರೂರು, ದೇಶದೇಶ ಸುತ್ತುತ್ತಾ, ರಭಸದ ನದಿಗಳಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿ ನಡೆಸುತ್ತಾ ಓದುವ ಶಾಲೆಗಳಿವೆಯಂತೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ನದಿ. ಕೈಯಾರೆ ಮಾಡಿ ಕಲಿಯುತ್ತಾರೆ ಅಂತ ಹೇಳುತ್ತಾರೆ. ನಿಜವಾಗಿ ಏನಾದರೂ ಕಲಿಯುತ್ತಾರಾ, ಇಲ್ಲಾ ದುಡ್ಡಿದ್ದವರ ಮಕ್ಕಳ ಪಿಕ್ನಿಕ್ಕಾ?

ಉತ್ತರ: ಕಲಿಯುತ್ತಾರೆ. ಆದರೆ ದೋಣಿಯೊಳಗೆ ಕೂತು ಕಲಿಯುವುದಕ್ಕಿಂತ ಜಾಸ್ತಿ, ದಡದ ಬಂಡೆ ಮೇಲೆ ನಿಂತು ನೀರು ನೋಡುತ್ತಾ ಕಲಿಯುತ್ತಾರೆ. ಫೋಟೊಗಳಲ್ಲಿ ಬರೀ ನೊರೆ, ಹೆಲ್ಮೆಟ್ಟು, ಹಾರುವ ದೋಣಿ ಕಾಣುತ್ತದೆ. ದಡದ ಮೇಲಿನ ಆ ಅರ್ಧ ಗಂಟೆಯ ಫೋಟೊ ಯಾರೂ ತೆಗೆಯಲ್ಲ.

ಮೊದಲು ಶಾಲೆಗಳ ಬಗ್ಗೆ ಎರಡು ಮಾತು. ಈ ಶತಮಾನದ ಶುರುವಿನಲ್ಲಿ ಮೊಂಟಾನಾ ರಾಜ್ಯದಲ್ಲಿ ವರ್ಲ್ಡ್ ಕ್ಲಾಸ್ ಕಯಾಕ್ ಅಕಾಡೆಮಿ ಹುಟ್ಟಿಕೊಂಡಿತು. ಆಮೇಲೆ ವೆಸ್ಟ್ ವರ್ಜೀನಿಯಾದಲ್ಲಿ ನ್ಯೂ ರಿವರ್ ಅಕಾಡೆಮಿ ಬಂತು. ಕಟ್ಟಡಕ್ಕಿಂತ ವ್ಯಾನೇ ಮುಖ್ಯವಾದ ಶಾಲೆಗಳು ಇವು. ಬೆರಳೆಣಿಕೆಯ ಮಕ್ಕಳು, ಜೊತೆಗೇ ಓಡಾಡುವ ಮೇಷ್ಟ್ರುಗಳು. ಉತ್ತರ ಅಮೆರಿಕದಲ್ಲಿ ಚಳಿ ಹಿಡಿದಾಗ ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ, ಸಮಭಾಜಕ ವೃತ್ತದ ಹತ್ತಿರ ವರ್ಷವಿಡೀ ಬೆಚ್ಚಗೆ ಅಲ್ವಾ? ಹಾಗಾಗಿ ಶಾಲೆ ಗಂಟುಮೂಟೆ ಕಟ್ಟಿಕೊಂಡು ಚಿಲಿಯ ಫುಟಾಲೆಫು ನದಿಗೋ, ಉಗಾಂಡದ ನೈಲ್‌ಗೋ ಹೊರಡುತ್ತದೆ. ನೀರು ಎಲ್ಲಿ ಚೆನ್ನಾಗಿದೆಯೋ ಅಲ್ಲೇ ತರಗತಿ.

ಕಲಿಕೆ ಹರಿಯುವ ನೀರಿನಲ್ಲಿ ಶುರುವಾಗಲ್ಲ. ಕೆರೆಯಲ್ಲೋ ಈಜುಕೊಳದಲ್ಲೋ ಶುರುವಾಗುತ್ತದೆ. ಕಯಾಕ್‌ನಲ್ಲಿ ಕೂತವರ ಸೊಂಟಕ್ಕೆ ಸ್ಪ್ರೇಸ್ಕರ್ಟ್ ಅನ್ನುವ ಬಿಗಿಯಾದ ಹೊದಿಕೆ ಇರುತ್ತದೆ. ಅದರ ಅಂಚು ದೋಣಿಯ ಬಾಯಿಗೆ ಕಚ್ಚಿಕೊಂಡು ನೀರು ಒಳಗೆ ಬರದಂತೆ ತಡೆಯುತ್ತದೆ. ದೋಣಿ ಮಗುಚಿದರೆ ನೀವು ತಲೆಕೆಳಗಾಗಿ ನೀರಿನೊಳಗೆ. ಅದರಿಂದ ಹೊರಗೆ ಬರೋದೇ ಮೊದಲ ಪಾಠ. ದೋಣಿಯ ಹೊಟ್ಟೆಗೆ ಎರಡೂ ಕೈಯಿಂದ ಮೂರು ಸಲ ತಟ್ಟಬೇಕು. ಮುಂದಕ್ಕೆ ಬಾಗಿ ಸ್ಕರ್ಟಿನ ತುದಿಯ ಕುಣಿಕೆ ಹಿಡಿದು ಎಳೆಯಬೇಕು. ಆಮೇಲೆ ಕಾಲು ಜಾರಿಸಿ ಹೊರಬರಬೇಕು. ತಟ್ಟೋದು ಯಾಕೆ? ಜೊತೆಯವರಿಗೆ ಕೇಳಲಿ ಅಂತ ಒಂದು ಕಾರಣ. ಗಾಬರಿಯ ಮೊದಲ ಎರಡು ಸೆಕೆಂಡಿನಲ್ಲಿ ಕೈಗೆ ಒಂದು ಕೆಲಸ ಇರಲಿ ಅಂತ ಇನ್ನೊಂದು. ನನ್ನ ಪ್ರಕಾರ ಎರಡನೆಯದೇ ದೊಡ್ಡ ಕಾರಣ.

ಆಮೇಲೆ ರೋಲ್. ದೋಣಿಯಿಂದ ಹೊರಗೆ ಬಾರದೆ, ಹುಟ್ಟಿನ ಆಸರೆಯಲ್ಲಿ ಮತ್ತೆ ನೆಟ್ಟಗಾಗುವ ವಿದ್ಯೆ. ಆರ್ಕ್ಟಿಕ್ ಪ್ರದೇಶದ ಬೇಟೆಗಾರರು ಕೊರೆಯುವ ಕಡಲಿನಲ್ಲಿ ಜೀವ ಉಳಿಸಿಕೊಳ್ಳಲು ಕಂಡುಕೊಂಡದ್ದು. ನೀರಿನೊಳಗೆ ಇದ್ದವರಿಗೆ ಉಸಿರು ಬೇಕು, ಹಾಗಾಗಿ ತಲೆ ಮೊದಲು ಮೇಲೆ ಬರಲು ನೋಡುತ್ತದೆ. ತಲೆ ಎತ್ತಿದಿರೋ, ಕೆಲಸ ಕೆಟ್ಟಿತು. ತಲೆಯ ತೂಕ ನಾಲ್ಕೈದು ಕಿಲೋ. ಅಷ್ಟು ಭಾರ ಮೇಲೆದ್ದರೆ ಅದಕ್ಕೆ ತಕ್ಕಂತೆ ಸೊಂಟ, ದೋಣಿ ಎರಡೂ ತಿರುಗಿ ಕೆಳಕ್ಕೆ ಹೋಗುತ್ತವೆ. ಮೊದಲು ಸೊಂಟ ತಿರುಗಬೇಕು, ಅದರ ಜೊತೆ ದೋಣಿ, ಕಟ್ಟಕಡೆಗೆ ತಲೆ. ಮೇಷ್ಟ್ರು ಪಕ್ಕದಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು "ಕೆನ್ನೆ ಭುಜಕ್ಕೆ ಒತ್ತಿಕೋ, ಒತ್ತಿಕೋ" ಅಂತ ಕೂಗುತ್ತಿರುತ್ತಾರೆ. ಹೇಳೋಕೆ ಒಂದು ನಿಮಿಷ. ಮೈಗೆ ಇಳಿಯೋಕೆ ಕೆಲವರಿಗೆ ವಾರಗಟ್ಟಲೆ ಬೇಕು. ಗುರುತ್ವ ಕೇಂದ್ರದ ಪಾಠವನ್ನು ಮೂಗಿಗೆ ನೀರು ಹೊಕ್ಕಿಸಿಕೊಂಡು ಕಲಿತವರು ಮರೆಯಲ್ಲ.

ಇನ್ನು ನದಿ. ಇಲ್ಲಿ ಮೊದಲು ಕಲಿಯೋದು ನಿಲ್ಲೋದನ್ನು. ನೀರಿನ ನಡುವೆ ಬಂಡೆ ಇದ್ದರೆ ಹರಿವು ಎರಡೂ ಬದಿಯಿಂದ ಸುತ್ತಿ ಹೋಗುತ್ತದೆ. ಬಂಡೆಯ ಬೆನ್ನಿಗೆ ನೀರಿನ ಮಟ್ಟ ತುಸು ತಗ್ಗು. ಆ ತಗ್ಗು ತುಂಬಲು ಕೆಳಗಿನ ನೀರು ವಾಪಸ್ ಬಂಡೆಯ ಕಡೆಗೆ ಹರಿಯುತ್ತದೆ. ಇದಕ್ಕೆ ಎಡ್ಡಿ ಅಂತ ಹೆಸರು. ಅದರೊಳಗೆ ಸೇರಿಕೊಂಡರೆ ಭೋರ್ಗರೆಯುವ ನದಿಯ ಮಧ್ಯೆಯೂ ಆರಾಮಾಗಿ ನಿಂತು ಉಸಿರು ತಗೋಬಹುದು. ಸೇರಿಕೊಳ್ಳೋದೇ ಕಷ್ಟ. ಎಡ್ಡಿಯ ಅಂಚಿನಲ್ಲಿ ಒಂದು ಗೆರೆ ಕಾಣುತ್ತದೆ. ಗೆರೆಯ ಈಚೆ ನೀರು ಕೆಳಕ್ಕೆ, ಗೇಣು ಆಚೆ ಮೇಲಕ್ಕೆ. ದೋಣಿಯ ಮೂತಿ ಗೆರೆ ದಾಟಿದ ಕೂಡಲೇ ಮೂತಿಯನ್ನು ಒಂದು ನೀರು ಮೇಲಕ್ಕೆ ತಳ್ಳುತ್ತದೆ, ಹಿಂಬದಿಯನ್ನು ಇನ್ನೊಂದು ನೀರು ಕೆಳಕ್ಕೆ ಎಳೆಯುತ್ತದೆ. ದೋಣಿ ಗಿರಕ್ಕನೆ ತಿರುಗುತ್ತದೆ. ಆಗ ಸೈಕಲ್ ತಿರುಗಿಸುವಾಗ ಮಾಡುವಂತೆ ತಿರುವಿನ ಒಳಗಡೆಗೆ ವಾಲಬೇಕು. ಹೊರಗಡೆಗೆ ವಾಲಿದರೆ ನೀರು ದೋಣಿಯ ಅಂಚನ್ನು ಹಿಡಿದು ಮಗುಚಿ ಹಾಕುತ್ತದೆ. ಪರೀಕ್ಷೆ ಬರೆದು ರಿಸಲ್ಟ್ ಬರೋಕೆ ಅರ್ಧ ಸೆಕೆಂಡೂ ಬೇಡ.

ಅಡ್ಡಕ್ಕೆ ದಾಟೋದು ಇನ್ನೊಂದು ಪಾಠ. ಆಚೆ ದಡಕ್ಕೆ ನೇರ ಮೂತಿ ಇಟ್ಟರೆ ನೀರು ಕೆಳಕ್ಕೆ ಒಯ್ಯುತ್ತದೆ. ಮೂತಿಯನ್ನು ಹರಿವಿಗೆ ಎದುರಾಗಿ ಓರೆ ಇಟ್ಟುಕೊಂಡೇ ಹುಟ್ಟು ಹಾಕಬೇಕು. ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಹರಿಗೋಲು ನಡೆಸುವವರಿಗೆ ಈ ಲೆಕ್ಕ ರಕ್ತದಲ್ಲೇ ಇದೆ. ಇಂಥ ಶಾಲೆಯಲ್ಲಿ ಇದನ್ನು ಬೋರ್ಡಿಗೆ ತರೋದು ಸುಲಭ. ಉದಾಹರಣೆಗೆ, ನೀರು ಸೆಕೆಂಡಿಗೆ 1.5 ಮೀಟರ್ ಹರಿಯುತ್ತಿದೆ ಅಂದುಕೊಳ್ಳಿ. ಹುಡುಗಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹುಟ್ಟು ಹಾಕಬಲ್ಲಳು. ಕೆಳಕ್ಕೆ ಒಂದಡಿಯೂ ಹೋಗದೆ 20 ಮೀಟರ್ ಅಗಲದ ನದಿ ದಾಟಬೇಕು. ಪೈಥಾಗೊರಸ್ ಸೂತ್ರ ಹಾಕಿದರೆ ಆಚೆ ದಡದ ಕಡೆಗಿನ ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್, ದಾಟೋಕೆ 15 ಸೆಕೆಂಡು. ಈಗ ನೀರಿನ ವೇಗ 2.5 ಮಾಡಿ ನೋಡಿ. ವರ್ಗಮೂಲದೊಳಗೆ ಋಣ ಸಂಖ್ಯೆ ಬಂದು ಕೂರುತ್ತದೆ. ಪುಸ್ತಕದಲ್ಲಿ ಅದು "ವಾಸ್ತವ ಪರಿಹಾರ ಇಲ್ಲ". ಮಧ್ಯಾಹ್ನ ನದಿಯಲ್ಲಿ ಅದು ಕೆಳಗಿನ ಇಳುಕಲಿಗೆ, ಅಂದರೆ ನೀರು ಬಂಡೆಗಳ ನಡುವೆ ರಭಸವಾಗಿ ಇಳಿಯುವ ಜಾಗಕ್ಕೆ, ಕೊಚ್ಚಿಕೊಂಡು ಹೋಗೋದು. ಕೊಚ್ಚಿ ಹೋದವಳು ಮಾರನೇ ಬೆಳಿಗ್ಗೆ ಬೋರ್ಡಿನ ಮುಂದೆ ಕೂತು ಕೇಳುವ ಪ್ರಶ್ನೆಯೇ ಬೇರೆ.

ದಿನವೂ ನದಿಗೆ ಹೊರಡುವ ಮುಂಚೆ ನೀರಿನ ಲೆಕ್ಕ ನೋಡುತ್ತಾರೆ. ಅಮೆರಿಕದಲ್ಲಿ ಅದು ಕ್ಯೂಸೆಕ್‌ನಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್ ಒಳಹರಿವು ಎಷ್ಟು ಸಾವಿರ ಕ್ಯೂಸೆಕ್ ಅಂತ ದಿನಾ ಓದುವ ನಮಗೆ ಇದು ಹೊಸ ಮಾತಲ್ಲ. ಆದರೆ ಒಂದು ಕ್ಯೂಸೆಕ್ ಎಷ್ಟು ನೀರು ಅಂತ ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಸೆಕೆಂಡಿಗೆ ಸುಮಾರು 28 ಲೀಟರ್. ವೆಸ್ಟ್ ವರ್ಜೀನಿಯಾದ ಗಾಲಿ ನದಿಗೆ ಸಮ್ಮರ್ಸ್‌ವಿಲ್ ಅಣೆಕಟ್ಟೆಯಿಂದ ಪ್ರತಿ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನೀರು ಬಿಡುತ್ತಾರೆ, ಸಾಮಾನ್ಯವಾಗಿ 2,800 ಕ್ಯೂಸೆಕ್ ಆಸುಪಾಸು. ಅಂದರೆ ಸೆಕೆಂಡಿಗೆ 79 ಟನ್ ನೀರು. ಇನ್ನೂ ಒಂದು ವಿಷಯ: ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ದೋಣಿಯಿಂದ ಬಿದ್ದವರು ಮೊಣಕಾಲುದ್ದ ನೀರಾದರೂ ರಭಸದಲ್ಲಿ ಎದ್ದು ನಿಲ್ಲಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರು ಬೆನ್ನ ಮೇಲೆ ಒತ್ತಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಪಾದ ಮೇಲಕ್ಕೆತ್ತಿ ತೇಲಬೇಕು.

ಈಗ ದಡದ ಮಾತಿಗೆ ಬರೋಣ. ದೊಡ್ಡ ಇಳುಕಲು ಬಂದಾಗ ಎಲ್ಲರೂ ದೋಣಿ ಎಳೆದಿಟ್ಟು ಬಂಡೆ ಹತ್ತುತ್ತಾರೆ. ಮೇಷ್ಟ್ರು ಉತ್ತರ ಹೇಳಲ್ಲ, ಕೇಳುತ್ತಾರೆ. ನೀರು ಎಲ್ಲಿ ಹೋಗ್ತಿದೆ? ಅಗೋ ಅಲ್ಲಿ ನೀರು ಕೆಳಮುಖದ ಬಾಣದ ಗುರುತು ಮಾಡಿದೆ, ಅದು ದಾರಿ. ಇಲ್ಲಿ ಬಾಣ ಮೇಲ್ಮುಖವಾಗಿದೆ, ಕೆಳಗೆ ಬಂಡೆ ಇದೆ. ಅಲ್ಲಿ ನೀರು ಧುಮುಕಿ ವಾಪಸ್ ಮೇಲಕ್ಕೆ ಉರುಳುತ್ತಿದೆ. ಆ ನೊರೆಯ ಸಾಲಿನ ತುದಿಗಳು ನೀರು ಹೋಗುವ ಕಡೆಗೆ ಬಾಗಿದ್ದರೆ ಸಿಕ್ಕಿಬಿದ್ದವರು ಬದಿಯಿಂದ ಹೊರಗೆ ಬರಬಹುದು. ನೀರು ಬರುವ ಕಡೆಗೆ ಬಾಗಿದ್ದರೆ ಅದು ನಡುವಿಗೇ ಎಳೆದುಕೊಂಡು ಬಿಡಲ್ಲ. ಅಡ್ಡ ಬಿದ್ದ ಮರ ಇದೆಯಾ? ರೆಂಬೆಗಳ ಸಂದಿಯಲ್ಲಿ ನೀರು ನುಸುಳುತ್ತದೆ, ಮನುಷ್ಯ ನುಸುಳಲ್ಲ.

ಪ್ರತಿಯೊಬ್ಬರೂ ತಮ್ಮ ದಾರಿಯನ್ನು ಬಾಯಿಬಿಟ್ಟು ಹೇಳಬೇಕು. ಎಲ್ಲಿ ತಿರುಗುತ್ತೀನಿ, ತಪ್ಪಿದರೆ ಎಲ್ಲಿ ನಿಲ್ಲುತ್ತೀನಿ. ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಹಿಡಿದು ದಡದಲ್ಲಿ ಯಾರು ನಿಲ್ಲಬೇಕು, ಯಾವ ಬಂಡೆ ಮೇಲೆ. ನದಿಯ ಸದ್ದಿನಲ್ಲಿ ಕೂಗು ಕೇಳಿಸಲ್ಲ. ಹಾಗಾಗಿ ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ಬಾ ಅಂತ, ಅಡ್ಡ ಹಿಡಿದರೆ ನಿಲ್ಲು ಅಂತ. ಸನ್ನೆ ಮಾಡುವಾಗ ಅಪಾಯದ ಕಡೆಗೆ ಕೈ ತೋರಿಸುವ ಹಾಗಿಲ್ಲ. ಹೋಗಬೇಕಾದ ಕಡೆಗೇ ತೋರಿಸಬೇಕು. ಗಾಬರಿಯಲ್ಲಿರುವವರು ಕೈ ತೋರಿಸಿದ ಕಡೆಗೇ ಹೋಗುತ್ತಾರೆ ನೋಡಿ.

ಇಷ್ಟೆಲ್ಲ ನೋಡಿದ ಮೇಲೆ "ನಾನು ಇವತ್ತು ಇಳಿಯಲ್ಲ" ಅಂತ ದೋಣಿ ಹೆಗಲಿಗೇರಿಸಿ ದಡದಲ್ಲೇ ನಡೆದು ಹೋಗುವ ಹಕ್ಕು ಎಲ್ಲರಿಗೂ ಇರಬೇಕು. ಹದಿನಾರು ವಯಸ್ಸಿನವರು ಗೆಳೆಯರ ಮುಂದೆ ಹಾಗೆ ಹೇಳೋದು ಸುಮ್ನೆ ಅಲ್ಲ. ನನ್ನನ್ನು ಕೇಳಿದರೆ ಇಂಥ ಶಾಲೆಯ ನಿಜವಾದ ಮಾರ್ಕ್ಸ್ ಕಾರ್ಡ್ ಇದೇ. ರಭಸದ ನದಿಗಳಿಗೆ 1ರಿಂದ 6ರವರೆಗೆ ದರ್ಜೆ ಇದೆ, ನಿಜ. ಆದರೆ ನೀರು ಏರಿದರೆ ಅದೇ ಇಳುಕಲಿನ ದರ್ಜೆ ಬದಲಾಗುತ್ತದೆ. ನಿನ್ನೆ ಇಳಿದಿದ್ದೆ ಅನ್ನೋದು ಇವತ್ತಿಗೆ ಲೆಕ್ಕಕ್ಕಿಲ್ಲ. ಒಂದೇ ನದಿಯಲ್ಲಿ ಕಲಿತವರು ಆ ನದಿಯ ದಾರಿಯನ್ನು ಬಾಯಿಪಾಠ ಮಾಡಿಬಿಡುತ್ತಾರೆ. ನದಿ ಬದಲಾದಾಗ ಮತ್ತೆ ಬಂಡೆ ಹತ್ತಿ ಕಣ್ಣು ಬಿಟ್ಟು ನೋಡಲೇಬೇಕು. ಶಾಲೆ ಊರೂರು ತಿರುಗೋದಕ್ಕೆ ನನಗೆ ಕಾಣುವ ಗಟ್ಟಿ ಕಾರಣ ಇದು.

ಉಗಾಂಡದ ಜಿಂಜಾ ಊರಿನ ಹತ್ತಿರ ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಟು ಬರುತ್ತದೆ. ನೀರು ಬೆಚ್ಚಗೆ, ವರ್ಷವಿಡೀ ತುಂಬು ಹರಿವು. ಕಯಾಕರ್‌ಗಳಿಗೆ ಸ್ವರ್ಗ. ಆದರೆ ಅಲ್ಲಿನ ಇಳುಕಲುಗಳು ಒಂದೊಂದಾಗಿ ಮುಳುಗುತ್ತಾ ಬಂದವು. 1954ರಲ್ಲಿ ಓವೆನ್ ಫಾಲ್ಸ್ ಅಣೆಕಟ್ಟೆ, 2012ರಲ್ಲಿ ಬುಜಗಾಲಿ, 2019ರಲ್ಲಿ ಇಸಿಂಬಾ. ದೇಶಕ್ಕೆ ಕರೆಂಟು ಬೇಕು. ದೋಣಿ ನಡೆಸಿ, ಪ್ರವಾಸಿಗರಿಗೆ ಊಟ ಹಾಕಿ ಬದುಕುತ್ತಿದ್ದವರಿಗೆ ನದಿ ಬೇಕು. ಸೂಪಾ ಊರನ್ನೂ ಶರಾವತಿ ಕಣಿವೆಯನ್ನೂ ನೀರಿಗೆ ಬಿಟ್ಟುಕೊಟ್ಟ ನಮಗೆ ಈ ಜಗಳದ ಎರಡೂ ಬದಿ ಗೊತ್ತು. ಅಮೆರಿಕದ ಗಾಲಿ ನದಿಯಲ್ಲಿ ಕಥೆ ತಿರುವುಮುರುವು. ಅಲ್ಲಿ ಅಣೆಕಟ್ಟೆ ನೀರು ಬಿಟ್ಟರೇನೇ ಆ ಸೀಸನ್. ದೋಣಿ ಆಟಕ್ಕೆ ನೀರು ಬಿಡೋದನ್ನು 1986ರಲ್ಲಿ ಕಾನೂನಿನಲ್ಲೇ ಬರೆದಿದ್ದಾರೆ. ಎರಡೂ ನದಿಯಲ್ಲಿ ಮೈ ಒದ್ದೆ ಮಾಡಿಕೊಂಡ ಮಕ್ಕಳಿಗೆ ಅಣೆಕಟ್ಟೆ ಒಳ್ಳೆಯದೋ ಕೆಟ್ಟದ್ದೋ ಅಂತ ಒಂದು ಪುಟದ ಪ್ರಬಂಧ ಬರೆಯೋಕೆ ಆಗಲ್ಲ. ಅದೂ ಕಲಿಕೆಯೇ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ನದಿ ತಾನಾಗಿ ತ್ರಿಕೋನಮಿತಿ ಕಲಿಸಲ್ಲ. ಚೆನ್ನಾಗಿ ಹುಟ್ಟು ಹಾಕುವವರಿಗೆ ಕೋನದ ಸೈನ್ ಗೊತ್ತಿರಬೇಕು ಅಂತೇನಿಲ್ಲ. ಸಂಜೆ ಸುಸ್ತಾದ ಮಕ್ಕಳನ್ನು ಕೂರಿಸಿ ಬರೆಸುವ ಮೇಷ್ಟ್ರು ಇಲ್ಲದಿದ್ದರೆ ಅದು ಪಿಕ್ನಿಕ್ಕೇ. ವ್ಯಾನಿನಲ್ಲಿ ಕೆಮಿಸ್ಟ್ರಿ ಲ್ಯಾಬು ಹೊತ್ತೊಯ್ಯೋಕೆ ಆಗಲ್ಲ. ಖರ್ಚು ಮಧ್ಯಮ ವರ್ಗಕ್ಕೆ ಎಟುಕುವಂಥದ್ದಲ್ಲ. ಜೀವಕ್ಕೆ ಅಪಾಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ಅಂಥವರ ಕೈಗೆ ಮಗುವನ್ನು ಕೊಡಬೇಡಿ.

ನಮ್ಮಲ್ಲಿ ಇಂಥ ಹೈಸ್ಕೂಲ್ ಹುಡುಕುವ ಬದಲು ರಜೆಯಲ್ಲಿ ಒಂದು ವಾರದ ಕಯಾಕಿಂಗ್ ಕೋರ್ಸ್ ನೋಡಿ. ದಾಂಡೇಲಿಯ ಕಾಳಿ ನದಿಯಲ್ಲಿ ರ್‍ಯಾಫ್ಟಿಂಗ್ ಇದೆ, ಮಜಾ ಇದೆ. ಆದರೆ ರ್‍ಯಾಫ್ಟಿನಲ್ಲಿ ನೀರು ಓದುವ ಕೆಲಸ ಗೈಡ್‌ದು, ನೀವು ಪ್ರಯಾಣಿಕರು. ಕಲಿಯೋಕೆ ನೇಪಾಳದ ಸೇತಿ ನದಿ ಹೆಸರುವಾಸಿ. ನೀರು ಅಷ್ಟು ತಣ್ಣಗಿರಲ್ಲ, ಇಳುಕಲುಗಳು ಸಣ್ಣವು. ಪೋಖರಾದ ಫೇವಾ ಸರೋವರದಲ್ಲಿ ರೋಲ್ ಕಲಿಸಿ ಆಮೇಲೆ ನದಿಗೆ ಇಳಿಸುತ್ತಾರೆ. ಋಷಿಕೇಶದ ಗಂಗೆಯಲ್ಲೂ ಹೇಳಿಕೊಡುವವರಿದ್ದಾರೆ, ಮಳೆಗಾಲ ಬಿಟ್ಟು ಹೋಗಬೇಕು. ಕೇರಳದ ಕೋಯಿಕ್ಕೋಡ್ ಬಳಿ ಚಾಲಿಪ್ಪುಳ, ಇರುವಞ್ಞಿಪ್ಪುಳ ನದಿಗಳಲ್ಲಿ ಮಳೆಗಾಲದಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ನೋಡೋಕೆ ಹೋಗಬಹುದು, ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು.

ದುಡ್ಡು ಕಟ್ಟುವ ಮುಂಚೆ ಒಂದೆರಡು ಕೇಳಿ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು? ಅವರು ರಕ್ಷಣಾ ತರಬೇತಿ ಯಾವಾಗ ಮುಗಿಸಿದ್ದಾರೆ? ನೀರು ಏರಿದ ದಿನ ಏನು ಮಾಡುತ್ತೀರಿ? ಕೊನೆಯದಕ್ಕೆ "ದಡದಲ್ಲೇ ಇರ್ತೀವಿ, ಪಾಠ ಮಾಡ್ತೀವಿ" ಅನ್ನೋ ಉತ್ತರ ಬಂದರೆ ಹೆಸರು ಬರೆಸಿ.