ಎಇಬಿ ಅಂದ್ರೇನು? ಕಾರು ತಾನೇ ಒತ್ತುವ ಬ್ರೇಕಿನ ಕತೆ

ಮೊನ್ನೆ ಭಾವನ ಹೊಸ ಕಾರಿನಲ್ಲಿ ಬಿಡದಿಗೆ ಹೋಗಿದ್ದೆವು. ವಾಪಸ್ ಬರುವಾಗ ಸರ್ವಿಸ್ ರಸ್ತೆಯಲ್ಲಿ ಎಡಗಡೆಯಿಂದ ಒಂದು ಸ್ಕೂಟರ್ ಸರ್ರನೆ ಅಡ್ಡ ಬಂತು. ಭಾವ ಆಗ ಹಿಂದೆ ಕೂತ ಮಗನನ್ನು ಗದರುತ್ತಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು, ಪೀಂ ಪೀಂ ಅಂತ ಸದ್ದಾಯಿತು, ಅಷ್ಟರಲ್ಲೇ ಕಾರು ಮೂಗು ತಗ್ಗಿಸಿ ಗಕ್ಕನೆ ನಿಂತಿತು. ನನ್ನ ತೊಡೆಯ ಮೇಲಿದ್ದ ತಟ್ಟೆ ಇಡ್ಲಿ ಪಾರ್ಸಲ್ ಕಾಲಡಿಗೆ ಬಿತ್ತು. ಚಟ್ನಿ ಪೂರ್ತಿ ಮ್ಯಾಟಿನ ಪಾಲು. ಸ್ಕೂಟರಿನವನು ತಿರುಗಿಯೂ ನೋಡಲಿಲ್ಲ. ‘ನಾನು ಬ್ರೇಕ್ ಒತ್ತಲೇ ಇಲ್ಲ ಕಣೋ’ ಎಂದರು ಭಾವ.

ಒತ್ತಿದ್ದು ಎಇಬಿ. ಆಟೊಮ್ಯಾಟಿಕ್ ಎಮರ್ಜೆನ್ಸಿ ಬ್ರೇಕಿಂಗ್ ಎಂಬ ಉದ್ದ ಹೆಸರಿನ ಮೂರಕ್ಷರ. ಶೋರೂಮಿನಲ್ಲಿ ‘ಎಡಾಸ್ ಇದೆ ಸರ್’ ಅಂತಾರಲ್ವಾ, ಚಾಲಕನಿಗೆ ನೆರವಾಗುವ ಸೌಲಭ್ಯಗಳನ್ನೆಲ್ಲ ತುಂಬಿದ ಆ ಎಡಾಸ್ ಎಂಬ ಚೀಲದೊಳಗಿನ ಒಂದು ಸಾಮಾನು ಇದು. ಲೇನ್ ತಪ್ಪಿದರೆ ಎಚ್ಚರಿಸುವುದು, ಮುಂದಿನ ಗಾಡಿಯಿಂದ ಅಂತರ ಬಿಟ್ಟು ಓಡುವ ಕ್ರೂಸ್ ಕಂಟ್ರೋಲ್, ಇವೆಲ್ಲ ಅದೇ ಚೀಲದಲ್ಲಿವೆ.

ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ, ಒಂದು ಕ್ಯಾಮೆರಾ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಮುಂಭಾಗದ ಗ್ರಿಲ್ ಅಥವಾ ಬಂಪರಿನಲ್ಲಿ ಒಂದು ರೇಡಾರ್ ಕೂಡ ಇರುತ್ತದೆ. ಎದುರಿಗಿರುವುದು ಏನು ಎಂದು ಗುರುತಿಸುವುದು ಹೆಚ್ಚಾಗಿ ಕ್ಯಾಮೆರಾ ಕೆಲಸ. ಎಷ್ಟು ದೂರ, ಎಷ್ಟು ವೇಗ ಎಂದು ಅಳೆಯುವುದರಲ್ಲಿ ರೇಡಾರ್ ಗಟ್ಟಿ. ಇವೆರಡನ್ನೂ ಸೇರಿಸಿ ಕಂಪ್ಯೂಟರ್ ಒಂದೇ ಒಂದು ಲೆಕ್ಕ ಹಾಕುತ್ತಾ ಇರುತ್ತದೆ: ಹೀಗೇ ಹೋದರೆ ಡಿಕ್ಕಿಗೆ ಇನ್ನೆಷ್ಟು ಸೆಕೆಂಡು? ಎಂಜಿನಿಯರುಗಳು ಇದಕ್ಕೆ ‘ಟೈಮ್ ಟು ಕೊಲಿಷನ್’ ಅಂತಾರೆ, ಚಿಕ್ಕದಾಗಿ ಟಿಟಿಸಿ. ಲೆಕ್ಕ ಹೈಸ್ಕೂಲಿನದೇ. ನೀವು 54 ಕಿ.ಮೀ. ವೇಗದಲ್ಲಿದ್ದೀರಿ, ಅಂದರೆ ಸೆಕೆಂಡಿಗೆ 15 ಮೀಟರ್. ಮುಂದೆ ಅದೇ ದಿಕ್ಕಿನಲ್ಲಿ ಹೋಗುತ್ತಿರುವ ಸ್ಕೂಟರ್ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್. ನಡುವೆ 20 ಮೀಟರ್ ಜಾಗವಿದೆ. ಸೆಕೆಂಡಿಗೆ 10 ಮೀಟರಿನಂತೆ ಆ ಜಾಗ ಕರಗಿದರೆ ಉಳಿದದ್ದು 2 ಸೆಕೆಂಡು. ಮೊದಲು ಪೀಂ ಪೀಂ. ನಾವು ಮಿಸುಕದೇ ಇದ್ದರೆ, ಆ ಸಂಖ್ಯೆ ಇನ್ನೂ ಇಳಿದ ಮೇಲೆ ಕಾರೇ ಬ್ರೇಕ್ ಒತ್ತುತ್ತದೆ. ನಮಗಾದರೋ ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಹೋಗುವುದರಲ್ಲೇ ಒಂದು ಸೆಕೆಂಡಿನ ಮೇಲೆ ಆಗಿರುತ್ತದೆ. 

ಹೀಗೆ ಹೇಳಿದರೆ ಬಹಳ ಸುಲಭ ಅನಿಸುತ್ತದೆ. ಬ್ರೇಕ್ ಒತ್ತುವುದು ನಿಜಕ್ಕೂ ಸುಲಭವೇ. ಕಷ್ಟ ಇರುವುದು ಯಾವಾಗ ಒತ್ತಬಾರದು ಎಂಬುದರಲ್ಲಿ. ರಸ್ತೆಯ ಮೇಲಿನ ಕಬ್ಬಿಣದ ಬೋರ್ಡು, ಮೇಲ್ಸೇತುವೆ, ತಿರುವಿನಲ್ಲಿ ಬದಿಗೆ ನಿಂತ ಲಾರಿ, ರೇಡಾರಿಗೆ ಎಲ್ಲವೂ ‘ಎದುರಿಗೆ ಏನೋ ಇದೆ’. ಪ್ರತಿ ಸಲ ಗಾಬರಿಯಾಗಿ ಬ್ರೇಕ್ ಹಾಕಿದರೆ ಹಿಂದಿನ ಬಸ್ಸು ನಮ್ಮ ಡಿಕ್ಕಿಯೊಳಗೆ ಬಂದು ಕೂರುತ್ತದೆ. ಹೀಗೆ ಸುಮ್‌ಸುಮ್ನೆ ಬೀಳುವ ಬ್ರೇಕಿಗೆ ‘ಫ್ಯಾಂಟಮ್ ಬ್ರೇಕಿಂಗ್’ ಎಂದು ಹೆಸರು. ನಾನಾದರೆ ದೆವ್ವದ ಬ್ರೇಕು ಅಂತೀನಿ. ಈ ಕಾಟ ತಪ್ಪಿಸಲು ಹಳೆಯ ರೇಡಾರ್ ವ್ಯವಸ್ಥೆಗಳು ಅಲುಗಾಡದ ವಸ್ತುಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತಿದ್ದವು. ನಿಜವಾಗಿಯೂ ದಾರಿಯಲ್ಲಿ ಕೆಟ್ಟು ನಿಂತ ಲಾರಿಯೂ ಅದರ ಜೊತೆ ಹೋಯಿತು!

ಈ ತಾಪತ್ರಯದ ಅತಿ ಕಹಿ ಉದಾಹರಣೆ ಅಮೆರಿಕದ ಅರಿಜೋನಾದ್ದು. 2018ರ ಮಾರ್ಚ್‌ನಲ್ಲಿ ಟೆಂಪೆ ಎಂಬ ಊರಲ್ಲಿ, ರಾತ್ರಿ ಹೊತ್ತು, ಉಬರ್‌ನ ಪರೀಕ್ಷಾರ್ಥ ಚಾಲಕರಹಿತ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ಸತ್ತುಹೋದರು. ಕಾರಿಗೆ ಅವರು ಕಾಣಲಿಲ್ಲ ಅಂತಲ್ಲ. 5 ಸೆಕೆಂಡಿಗೂ ಮುಂಚೆಯೇ ಕಂಡಿದ್ದರು. ಆದರೆ ಸಾಫ್ಟ್‌ವೇರ್ ಅವರನ್ನು ಒಮ್ಮೆ ವಾಹನ, ಒಮ್ಮೆ ಮತ್ತೇನೋ, ಒಮ್ಮೆ ಸೈಕಲ್ ಎಂದುಕೊಂಡಿತು. ಅನಿಸಿಕೆ ಬದಲಾದಾಗೆಲ್ಲ ಅವರು ಅದುವರೆಗೆ ನಡೆದು ಬಂದ ದಾರಿಯನ್ನೂ ಮರೆಯಿತು. ಆ ಕಾರು ವೋಲ್ವೊದ್ದು, ಅದಕ್ಕೆ ವೋಲ್ವೊ ಕಂಪನಿಯೇ ಕೊಟ್ಟಿದ್ದ ಎಇಬಿ ಇತ್ತು. ಉಬರ್‌ನ ಕಂಪ್ಯೂಟರ್ ಓಡಿಸುವಾಗ ಅದನ್ನು ಆಫ್ ಮಾಡಿಡಲಾಗಿತ್ತು. ನಿಗಾ ಇಡಲು ಒಳಗೆ ಕೂತಿದ್ದ ಚಾಲಕಿಯ ಕಣ್ಣು ರಸ್ತೆಯ ಮೇಲಿರಲಿಲ್ಲ.

ಹಾಗಾದರೆ ಎಇಬಿ ಇರುವ ಕಾರು ಒಂದಿಷ್ಟಾದರೂ ಚಾಲಕರಹಿತ ಕಾರೇ? ಅಲ್ಲ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಸ್ವಯಂಚಾಲನೆಗೆ 0ಯಿಂದ 5ರವರೆಗೆ ಮೆಟ್ಟಿಲು ಹಾಕಿದೆ. ಎಇಬಿ ಇರುವುದು ಸೊನ್ನೆಯ ಮೆಟ್ಟಿಲಲ್ಲಿ. ಯಾಕೆಂದರೆ ಅದು ಕಾರು ಓಡಿಸುವುದಿಲ್ಲ, ಒಂದು ಗಳಿಗೆ ನಡುವೆ ಬಾಯಿ ಹಾಕುತ್ತದೆ ಅಷ್ಟೆ. ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಡ್ರೈವರ್ ಸೀಟು ಖಾಲಿ ಬಿಟ್ಟು ಓಡುವ ವೇಮೊ ಟ್ಯಾಕ್ಸಿಗಳು 4ನೇ ಮೆಟ್ಟಿಲಿನವು, ಅದೂ ಗೊತ್ತುಪಡಿಸಿದ ಪ್ರದೇಶದೊಳಗೆ ಮಾತ್ರ. ಎಲ್ಲಿ ಬೇಕಾದರೂ ಕಾರು ತಾನೇ ಓಡುವ 5ನೆಯದನ್ನು ಇನ್ನೂ ಯಾರೂ ಹತ್ತಿಲ್ಲ.

ಸೊನ್ನೆ ಅಂತ ತಾತ್ಸಾರ ಬೇಡ. 2008ರಲ್ಲಿ ವೋಲ್ವೊ ಎಕ್ಸ್‌ಸಿ60 ಕಾರಿನಲ್ಲಿ ಬಂದ ಇಂಥ ಬ್ರೇಕು 30 ಕಿ.ಮೀ. ವೇಗದೊಳಗೆ ಮಾತ್ರ ಕೆಲಸ ಮಾಡುತ್ತಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ನಮ್ಮಲ್ಲಿ ಸದ್ಯಕ್ಕೆ ಜಾಸ್ತಿ ದುಡ್ಡಿನ ಮಾಡೆಲ್‌ಗಳಲ್ಲೇ ಹೆಚ್ಚಾಗಿ ಸಿಗುತ್ತದೆ.

ಬಿಡದಿಯಿಂದ ಬಂದ ಮೇಲೆ ಭಾವ ಮೊದಲು ಮಾಡಿದ ಕೆಲಸ, ಕನ್ನಡಿಯ ಹಿಂದೆ ಕ್ಯಾಮೆರಾ ಎದುರಿಗೇ ಅಂಟಿಸಿದ್ದ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದದ್ದು. ಸ್ವಲ್ಪ ಅಡ್ಡ ಇತ್ತಂತೆ. ಕ್ಯಾಮೆರಾಗೆ ಪೂರ್ತಿ ಮರೆಯಾಗಿದ್ದರೆ ಸ್ಕೂಟರ್ ಕಾಣುತ್ತಲೇ ಇರಲಿಲ್ಲವೇನೋ. ಮ್ಯಾಟಿನ ಚಟ್ನಿ ವಾಸನೆ ಮಾತ್ರ ಇನ್ನೂ ಹೋಗಿಲ್ಲ.